ಚರ್ಮುರಿ ಪೊಟ್ಟಣದೊಳಗಿನ ಅಜ್ಜಿ: ಉಡುಪಿ ಜಿಲ್ಲಾಡಳಿತಕ್ಕೂ ಊರವರಿಗೂ ಒಂದು ಬಹಿರಂಗ ಪತ್ರ

ಉಡುಪಿಯ ಜಿಲ್ಲಾಧಿಕಾರಿಯವರಿಗೆ, ನಗರಸಭೆಯವರಿಗೆ, ಮತ್ತು ನನ್ನ ಅಂಗಡಿಗೆ ಬರುವ, ಬಾರದ ಎಲ್ಲ ಊರವರಿಗೆ,

ನಮಸ್ಕಾರ.

ನಾನು ಉಡುಪಿಯಲ್ಲಿ ಒಂದು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಹದಿನಾಲ್ಕು ವರ್ಷ ಆಯಿತು. ಸರ್ವಿಸ್ ಬಸ್ ಸ್ಟ್ಯಾಂಡಿನಿಂದ ನಡೆದು ಬರುವಷ್ಟು ದೂರ. ಝೆರಾಕ್ಸ್, ಪ್ರಿಂಟ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ, ಅರ್ಜೆಂಟ್ ಫೋಟೋ, ಎಲ್ಲ ಉಂಟು. ಈ ಪತ್ರವನ್ನು ದೂರು ಅಂತ ಓದಬೇಡಿ. ಮೊದಲ ತಪ್ಪು ನನ್ನದೇ.

ಹೋದ ಡಿಸೆಂಬರಿನಲ್ಲಿ ಮಗಳನ್ನು ಕರೆದುಕೊಂಡು ಮಲ್ಪೆ ಬೀಚಿಗೆ ಹೋಗಿದ್ದೆ. ಅವಳಿಗೆ ಚರ್ಮುರಿ ಬೇಕಾಯಿತು. ತಿಂದು ಮುಗಿಸಿ, ತಳದಲ್ಲಿ ಉಳಿದ ನೀರುಳ್ಳಿ ಚೂರಿಗೋಸ್ಕರ ಪೊಟ್ಟಣ ಬಿಡಿಸಿದಳು. "ಅಮ್ಮಾ, ಇದರಲ್ಲಿ ಒಬ್ಬರು ಅಜ್ಜಿ ಇದ್ದಾರೆ" ಅಂದಳು. ನೋಡಿದರೆ ಆಧಾರ್ ಕಾರ್ಡಿನ ಝೆರಾಕ್ಸ್. ತೆಂಗಿನೆಣ್ಣೆ ಹೀರಿಕೊಂಡು ಕಾಗದ ಕನ್ನಡಿಯ ಹಾಗೆ ಆಗಿತ್ತು. ಹೆಸರು, ಹುಟ್ಟಿದ ವರ್ಷ, ಮನೆ ವಿಳಾಸ, ಹನ್ನೆರಡು ಅಂಕೆ, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು.

ಅಷ್ಟಾಗಿದ್ದರೆ "ಯಾರೋ ಪಾಪ" ಅಂತ ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಕಾಗದದ ಎಡ ಅಂಚಿನಲ್ಲಿ ಮೇಲಿಂದ ಕೆಳಗಿನವರೆಗೆ ಸಪೂರದ ಒಂದು ಕಪ್ಪು ಗೆರೆ ಇತ್ತು. ನನ್ನ ಮಿಷನ್ನಿನ ಡ್ರಮ್ಮಿನಲ್ಲಿ ಒಂದು ಗೀರು ಉಂಟು. ಅದರಲ್ಲಿ ಬಂದ ಪ್ರತಿ ಕಾಗದಕ್ಕೂ ಆ ಗೆರೆ ಬೀಳುತ್ತದೆ. ಓರೆಯಾಗಿ ಬಂದ, ಮಸಿ ಜಾಸ್ತಿಯಾದ ಪ್ರತಿಗಳನ್ನು ನಾನು ಒಂದು ರಟ್ಟಿನ ಪೆಟ್ಟಿಗೆಗೆ ಹಾಕುತ್ತಿದ್ದೆ. ಪೆಟ್ಟಿಗೆ ತುಂಬಿದಾಗ ಗುಜರಿಯವನಿಗೆ ಕೊಡುತ್ತಿದ್ದೆ. ಹದಿನಾಲ್ಕು ವರ್ಷ ಹಾಗೆಯೇ ಮಾಡಿದ್ದೇನೆ. ಅವನು ಯಾರಿಗೆ ಮಾರುತ್ತಾನೆ ಅಂತ ಒಂದು ದಿನವೂ ಕೇಳಿರಲಿಲ್ಲ.

ಫೋಟೋ ನೋಡಿದ ಕೂಡಲೇ ಅಜ್ಜಿಯ ಗುರುತು ಸಿಕ್ಕಿತು. ಪಿಂಚಣಿಯ ಕಾಗದಕ್ಕೆ ನನ್ನ ಅಂಗಡಿಗೆ ಬರುವವರು. ಮರುವಾರ ಬಂದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿ ಕ್ಷಮೆ ಕೇಳಿದೆ. ಅವರು ನಕ್ಕರು. "ಅದಕ್ಕೆ ಎಂತ ಮಗಾ? ನನ್ನದರಲ್ಲಿ ಮುಚ್ಚಿಡ್ಲಿಕ್ಕೆ ಎಂತ ಉಂಟು?" ಅಂದರು.

ಈ ಪ್ರಶ್ನೆ ದಿನಕ್ಕೆ ನಾಲ್ಕು ಸಲ ನನ್ನ ಕಿವಿಗೆ ಬೀಳುತ್ತದೆ. ಓದಿದವರೂ ಕೇಳುತ್ತಾರೆ. ಉತ್ತರ ನನಗೆ ಗೊತ್ತಿತ್ತು. ಆದರೆ ಹೇಳಲಿಕ್ಕೆ ಬರುತ್ತಿರಲಿಲ್ಲ. ಆ ದಿನ ರಾತ್ರಿ ಅಪ್ಪನ ನೆನಪಾಯಿತು.

ಅಪ್ಪ ಪಿಗ್ಮಿ ಕಲೆಕ್ಷನ್ ಮಾಡುತ್ತಿದ್ದರು. ಪಿಗ್ಮಿ ಹುಟ್ಟಿದ್ದೇ ನಮ್ಮ ಉಡುಪಿಯಲ್ಲಿ, 1928ರಲ್ಲಿ. ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲಿಗೆ ಬ್ಯಾಂಕೇ ನಡೆದು ಹೋಗುವ ಯೋಚನೆ ಅದು. ಅಪ್ಪನ ಕಾಲಕ್ಕೆ ಎರಡಾಣೆ ಹೋಗಿ ಐದು, ಹತ್ತು ರೂಪಾಯಿ ಆಗಿತ್ತು. ಸೈಕಲ್ಲಿನಲ್ಲಿ ಅಂಗಡಿ ಅಂಗಡಿ, ಮನೆ ಮನೆ ತಿರುಗುತ್ತಿದ್ದರು. ಯಾರ ಕೈಯಲ್ಲಿ ಎಷ್ಟು ಓಡುತ್ತಿದೆ, ಯಾರು ಮೂರು ತಿಂಗಳಿಂದ ಕಟ್ಟಿಲ್ಲ, ಯಾವ ಹೆಂಗಸು ಗಂಡನಿಗೆ ಗೊತ್ತಿಲ್ಲದ ಹಾಗೆ ಉಳಿಸುತ್ತಿದ್ದಾಳೆ, ಎಲ್ಲ ಅವರ ಚೀಲದಲ್ಲಿ ಇತ್ತು. ಒಮ್ಮೆ ಅಮ್ಮ ಊಟಕ್ಕೆ ಬಡಿಸುತ್ತಾ, ಪಕ್ಕದ ಮನೆಯವರು ಎಷ್ಟು ಕಟ್ಟುತ್ತಾರೆ ಅಂತ ಸುಮ್ನೆ ಕೇಳಿದರು. ಅಪ್ಪ ತಲೆ ಎತ್ತಲಿಲ್ಲ. "ಅದು ಅವರ ಲೆಕ್ಕ" ಅಂದರು. ಸಾರಿಗೆ ಕೈ ಚಾಚಿದರು.

ಆ ಹೆಂಗಸು ಕದ್ದದ್ದಲ್ಲ, ಸುಳ್ಳು ಲೆಕ್ಕ ಬರೆದದ್ದೂ ಅಲ್ಲ. ಆದರೂ ಅವಳ ಪಿಗ್ಮಿ ಪುಸ್ತಕದ ವಿಷಯ ಅಪ್ಪನಿಂದ ಆಚೆ ಹೋಗಿದ್ದರೆ ಅವಳ ಬದುಕು ಬೇರೆ ಆಗುತ್ತಿತ್ತು. ಅಜ್ಜಿಗೂ ಇದನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ "ನನ್ನ ಮೊಮ್ಮಗನಿಗೆ ಪಿಂಚಣಿ ಬಂದ ದಿನ ಗೊತ್ತಾಗಬಾರದು ಮಗಾ" ಅಂದರು.

ಆ ವಾರ ನಾನು ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರ್ ತೆರೆದೆ. ಈಗ ಯಾರೂ ಪೆನ್‌ಡ್ರೈವ್ ತರುವುದಿಲ್ಲ. "ಅಕ್ಕಾ, ವಾಟ್ಸಾಪ್ ಮಾಡಿದ್ದೇನೆ, ಒಂದು ಪ್ರಿಂಟ್ ಕೊಡಿ" ಅಂತಾರೆ. ನಾನು ಡೌನ್‌ಲೋಡ್ ಮಾಡಿ ಪ್ರಿಂಟ್ ಕೊಡುತ್ತೇನೆ, ಅವರು ಐದು ರೂಪಾಯಿ ಕೊಟ್ಟು ಹೋಗುತ್ತಾರೆ. ಫೈಲ್ ಮಾತ್ರ ಅಲ್ಲೇ ಉಳಿಯುತ್ತದೆ. ನಾಲ್ಕು ವರ್ಷದ ಫೈಲುಗಳಿದ್ದವು. ಮೌಸ್ ಉರುಳಿಸುತ್ತಾ ಹೋದರೆ ಮುಗಿಯುವುದೇ ಇಲ್ಲ. ಆಧಾರ್, ಪಾನ್, ಪಾಸ್‌ಬುಕ್ಕಿನ ಮೊದಲ ಪುಟ, ಸ್ಕ್ಯಾನಿಂಗ್ ರಿಪೋರ್ಟ್, ಮಕ್ಕಳ ಜಾತಿ ಪ್ರಮಾಣಪತ್ರ, ವಿಚ್ಛೇದನದ ಅರ್ಜಿ, ಗಲ್ಫಿಗೆ ಹೋಗುವವರ ವೀಸಾ ಕಾಗದ. ಒಂದು ಮನೆಯ ಮಗ ದುಬೈಗೆ ಹೊರಟದ್ದು ಅವನ ಅಮ್ಮನಿಗಿಂತ ಮೊದಲು ನನಗೆ ಗೊತ್ತಾಗಿತ್ತು. ನಾನು ಯಾರಿಗೂ ಹೇಳಲಿಲ್ಲ, ಸರಿ. ಆದರೆ ನಡುವೆ ಎರಡು ಸಲ ಆ ಕಂಪ್ಯೂಟರ್ ರಿಪೇರಿಗೆ ಹೋಗಿ ಬಂದಿದೆ. ಕೆಲಸಕ್ಕಿದ್ದ ಹುಡುಗರು ಮೂರು ಜನ ಬಂದು ಹೋಗಿದ್ದಾರೆ. ಅಪ್ಪನ ಚೀಲ ರಾತ್ರಿ ಅಟ್ಟದ ಮೇಲೆ ಇರುತ್ತಿತ್ತು. ನನ್ನ ಫೋಲ್ಡರಿಗೆ ಬಾಗಿಲೇ ಇರಲಿಲ್ಲ.

ಇದರಿಂದ ಆಗುವುದೇನು ಅಂತ ಕೇಳುವವರಿಗೆ ಮಂಗಳೂರಿನ ಕತೆ ಸಾಕು. 2023ರಲ್ಲಿ ಅಲ್ಲಿ ಆಸ್ತಿ ನೋಂದಣಿ ಮಾಡಿಸಿಕೊಂಡ ಹಲವರ ಬ್ಯಾಂಕ್ ಖಾತೆಯಿಂದ ದುಡ್ಡು ಹೋಯಿತು. ಒಟಿಪಿ ಬರಲಿಲ್ಲ, ಯಾರಿಗೂ ಪಿನ್ ಹೇಳಿರಲಿಲ್ಲ, ಎಟಿಎಂ ಕಾರ್ಡ್ ಕಿಸೆಯಲ್ಲೇ ಇತ್ತು. ಹೋದದ್ದು ಎಇಪಿಎಸ್ ಮೂಲಕ, ಅಂದರೆ ಆಧಾರ್ ಮತ್ತು ಬೆರಳಚ್ಚಿನಿಂದ ದುಡ್ಡು ತೆಗೆಯುವ ವ್ಯವಸ್ಥೆ. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರು ಸಣ್ಣ ಯಂತ್ರ ಹಿಡಿದು ಬರುತ್ತಾರಲ್ಲ, ಅದೇ ವ್ಯವಸ್ಥೆ. ಅದಕ್ಕೆ ಮೂರೇ ಮೂರು ಬೇಕು: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಹೆಬ್ಬೆರಳು. ಆಸ್ತಿಯ ನೋಂದಣಿ ಪತ್ರದಲ್ಲಿ ಒತ್ತಿದ ಹೆಬ್ಬೆಟ್ಟು ಆನ್‌ಲೈನ್ ಪ್ರತಿಯಲ್ಲಿ ಹಾಗೆಯೇ ಇತ್ತು. ಕಳ್ಳರು ಅದನ್ನು ನೋಡಿ ನಕಲಿ ಬೆರಳಚ್ಚು ಮಾಡಿಕೊಂಡರು. ಪೊಲೀಸರು ಬಿಹಾರದಿಂದ ಆರೋಪಿಗಳನ್ನು ಹಿಡಿದು ತಂದರು. ಪಾಸ್‌ವರ್ಡ್ ಹೋದರೆ ಬದಲಿಸಬಹುದು. ಹೆಬ್ಬೆರಳನ್ನು ಎಂತ ಮಾಡುವುದು ಮಾರಾಯ್ರೆ?

ಆಧಾರಿಗೆ ಬಯೋಮೆಟ್ರಿಕ್ ಲಾಕ್ ಹಾಕುವ ಸೌಕರ್ಯ ಉಂಟು. ಲಾಕ್ ಹಾಕಿದರೆ ನಿಮ್ಮ ಬೆರಳಚ್ಚು ಎಲ್ಲಿಯೂ ನಡೆಯುವುದಿಲ್ಲ. ರೇಷನ್ನಿಗೋ ಸಿಮ್ಮಿಗೋ ಬೆರಳು ಕೊಡಬೇಕಾದಾಗ ಸ್ವಲ್ಪ ಹೊತ್ತಿಗೆ ತೆರೆಯಬಹುದು. ಆಧಾರಿಗೆ ಮೊಬೈಲ್ ನಂಬರ್ ಜೋಡಣೆ ಆಗಿರಬೇಕು, ಅಷ್ಟೇ. ಮಾಸ್ಕ್ ಆದ ಆಧಾರ್ ಅಂತಲೂ ಒಂದುಂಟು. ಅದರಲ್ಲಿ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುತ್ತದೆ. ಹದಿನಾಲ್ಕು ವರ್ಷದಲ್ಲಿ ಅದನ್ನು ಕೇಳಿ ಪ್ರಿಂಟ್ ಮಾಡಿಸಿಕೊಂಡವರನ್ನು ನಾನು ಎರಡು ಕೈಯ ಬೆರಳಿನಲ್ಲಿ ಎಣಿಸಬಲ್ಲೆ. ಅವರಲ್ಲಿ ಇಬ್ಬರು ವಾಪಸ್ ಬಂದರು. "ಇದು ಆಗುವುದಿಲ್ಲ, ಫುಲ್ ನಂಬರ್ ತನ್ನಿ ಅಂತ ಕೌಂಟರಿನಲ್ಲಿ ಹೇಳಿದರು ಅಕ್ಕಾ" ಅಂದರು. ಯಾವ ಕೌಂಟರ್ ಅಂತ ಇಲ್ಲಿ ಬೇಡ.

2022ರ ಮೇ ತಿಂಗಳು ನೆನಪಿದೆಯಾ? ಆಧಾರ್ ಝೆರಾಕ್ಸನ್ನು ಸಿಕ್ಕಸಿಕ್ಕವರಿಗೆ ಕೊಡಬೇಡಿ, ಮಾಸ್ಕ್ ಆದದ್ದನ್ನು ಕೊಡಿ ಅಂತ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಒಂದು ಎಚ್ಚರಿಕೆ ಹೊರಡಿಸಿತು. ಎರಡೇ ದಿನದಲ್ಲಿ, ಜನ ತಪ್ಪು ತಿಳಿದುಕೊಳ್ಳುತ್ತಾರೆ ಅಂತ ಹಿಂದೆ ತೆಗೆದುಕೊಂಡರು. ನನ್ನ ಅಂಗಡಿಗೆ ನಷ್ಟ ಆಗುವ ಎಚ್ಚರಿಕೆ ಅದು. ಆದರೂ ಹೇಳುತ್ತೇನೆ, ಅದನ್ನು ಹಿಂದೆ ತೆಗೆದುಕೊಳ್ಳಬಾರದಿತ್ತು.

ಕಾನೂನು ಇಲ್ಲವಾ ಅಂದರೆ ಉಂಟು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು. ನಿವೃತ್ತರಾಗಿ ಎಷ್ಟೋ ವರ್ಷ ಆದಮೇಲೆ, ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಕೋರ್ಟಿಗೆ ಹೋದರು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಮುಖ್ಯ ಭಾಗಗಳು ಜಾರಿಗೆ ಬರಲಿಕ್ಕೆ ಅಲ್ಲಿಂದ 18 ತಿಂಗಳು. ತಪ್ಪಿದವರಿಗೆ 250 ಕೋಟಿ ರೂಪಾಯಿವರೆಗೆ ದಂಡ. ಯಾಕೆ ಬೇಕು ಅಂತ ಹೇಳಿ ಕೇಳಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು. ಒಳ್ಳೆಯ ಮಾತೇ. ಸರ್ಕಾರ ತನಗೆ ಬೇಕಾದ ಇಲಾಖೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ದಾರಿಯನ್ನೂ ಅದರಲ್ಲೇ ಇಟ್ಟುಕೊಂಡಿದೆ. ಅದು ನನಗೆ ಸರಿ ಕಂಡಿಲ್ಲ.

ಇನ್ನೊಂದು ವಿಷಯ. ಆ ಕಾಯ್ದೆ ಡಿಜಿಟಲ್ ಮಾಹಿತಿಗೆ ಮಾತ್ರ. ನನ್ನ ಡೌನ್‌ಲೋಡ್ ಫೋಲ್ಡರಿಗೆ ಲಾಗು ಆಗುತ್ತದೆ, ಚರ್ಮುರಿ ಪೊಟ್ಟಣಕ್ಕೆ ಆಗುವುದಿಲ್ಲ.

ಭಾಷೆಯದ್ದೂ ಒಂದು ಮಾತುಂಟು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಕೊಡಬೇಕು ಅಂತ ಕಾಯ್ದೆ ಹೇಳುತ್ತದೆ. ಕನ್ನಡ ಅದರಲ್ಲಿದೆ. ಕೊಂಕಣಿ ಇದೆ, 1992ರಿಂದ. ತುಳು ಇಲ್ಲ, ಬ್ಯಾರಿ ಇಲ್ಲ. ನನ್ನ ಅಂಗಡಿಗೆ ಬರುವ ಅರ್ಧಕ್ಕರ್ಧ ಜನ ಜಗಳ ಆಡುವುದು, ಲೆಕ್ಕ ಹಾಕುವುದು, ದೇವರ ಹತ್ತಿರ ಬೇಡಿಕೊಳ್ಳುವುದು ತುಳುವಿನಲ್ಲಿ. "ಒಪ್ಪುತ್ತೇನೆ" ಅಂತ ಒತ್ತುವಾಗ ಮಾತ್ರ ಬೇರೆ ಭಾಷೆ. ಮೊನ್ನೆ ಒಬ್ಬರು ಮಾಮ ಬಂದರು. ಅವರ ಅರ್ಜಿ ತುಂಬುವಾಗ ಪರದೆಯ ಮೇಲೆ ಎರಡು ಮಾರುದ್ದದ ಷರತ್ತು ಬಂತು. "ದಾಯೆಗ್?" ಅಂತ ಕೇಳಿದರು. ಯಾಕೆ, ಎಂತಕ್ಕೆ. ನಾನು ಓದಲಿಲ್ಲ, ಟಿಕ್ ಒತ್ತಿ ಮುಂದೆ ಹೋದೆ. ಹಿಂದೆ ಏಳು ಜನ ಸಾಲಿನಲ್ಲಿ ನಿಂತಿದ್ದರು.

ಇಷ್ಟು ಹೊತ್ತು ಕಾಗದ, ನಂಬರಿನ ಮಾತಾಯಿತು. ಇನ್ನು ತಲೆಯೊಳಗಿನದ್ದು.

ನಮ್ಮ ಕಡೆಯ ಒಬ್ಬಳು ಹುಡುಗಿ ಫೋನಿನಲ್ಲಿ ಒಂದು ಲೋನ್ ಆ್ಯಪ್‌ನಿಂದ ಸಾಲ ತೆಗೆದುಕೊಂಡಳು. ಸಣ್ಣ ಮೊತ್ತ. ಕಂತು ತಪ್ಪಿತು. ಒಂದು ದಿನ ನನ್ನ ವಾಟ್ಸಾಪಿಗೆ ಗೊತ್ತಿಲ್ಲದ ನಂಬರಿನಿಂದ ಅವಳ ಫೋಟೋ ಬಂತು. ಕೆಳಗೆ "ಇವಳು ಕಳ್ಳಿ" ಅಂತ ಬರೆದಿತ್ತು. ಅವಳ ಫೋನಿನಲ್ಲಿ ನನ್ನ ನಂಬರ್ "ಝೆರಾಕ್ಸ್ ಅಕ್ಕ" ಅಂತ ಇತ್ತಂತೆ. ಅವಳ ಟೈಲರ್, ಅವಳ ಟೀಚರ್, ಹುಡುಗನ ಮನೆಯವರು, ಎಲ್ಲರಿಗೂ ಹೋಗಿತ್ತು. ಸಾಲ ಕೊಡುವ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್ ಪಟ್ಟಿ ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಕಳ್ಳ ಆ್ಯಪ್‌ಗಳಿಗೆ ಅದೆಲ್ಲ ಎಲ್ಲಿ ಗೊತ್ತು? ಅವುಗಳಿಗೆ ಗೊತ್ತಿದ್ದದ್ದು ಒಂದೇ, ನಮ್ಮ ಊರಿನಲ್ಲಿ ಮರ್ಯಾದೆಗೆ ಹೆದರಿಸಿದರೆ ಜನ ಮನೆಯ ಚಿನ್ನ ಅಡ ಇಟ್ಟಾದರೂ ಕಟ್ಟುತ್ತಾರೆ ಅಂತ. ಅವಳೂ ಹಾಗೆಯೇ ಕಟ್ಟಿದಳು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು ಅಂತ ನಾನು ಹೇಳುವಷ್ಟರಲ್ಲಿ ತಡ ಆಗಿತ್ತು.

ಇಲ್ಲಿ ಒಪ್ಪಿದ್ದು ಅವಳು, ಆದರೆ ನನ್ನ ನಂಬರೂ ಹೋಯಿತು. ನನ್ನನ್ನು ಯಾರು ಕೇಳಿದರು? 2018ರಲ್ಲಿ ಹೊರಗೆ ಬಂದ ಕೇಂಬ್ರಿಡ್ಜ್ ಅನಾಲಿಟಿಕಾ ಪ್ರಕರಣದಲ್ಲೂ ಇದೇ ಆದದ್ದು. ಫೇಸ್‌ಬುಕ್ಕಿನಲ್ಲಿ ಸ್ವಭಾವ ಹೇಳುವ ಒಂದು ಆ್ಯಪ್ ಇತ್ತು. ಭಾರತದಲ್ಲಿ ಅದನ್ನು ಹಾಕಿಕೊಂಡವರು ಬರೀ 335 ಜನ. ಅವರ ಗೆಳೆಯರ ಪಟ್ಟಿ ಹಿಡಿದು ಹೋದರೆ, ಮಾಹಿತಿ ಸೋರಿರಬಹುದಾದ ಭಾರತೀಯರು 5,62,120 ಅಂತ ಫೇಸ್‌ಬುಕ್ಕೇ ಲೆಕ್ಕ ಕೊಟ್ಟಿತು. ಯಾರಿಗೆ ಯಾವುದರ ಹೆದರಿಕೆ, ಯಾರು ಎಂತ ಹೇಳಿದರೆ ಸಿಟ್ಟಾಗುತ್ತಾರೆ ಅಂತ ತಿಳಿದು, ಅವರವರಿಗೆ ತಕ್ಕ ಚುನಾವಣಾ ಜಾಹೀರಾತು ತೋರಿಸುವ ವ್ಯಾಪಾರ ಅದು.

ನಾವು ಮಾತಾಡುವುದನ್ನು ಫೋನ್ ಕದ್ದು ಕೇಳುತ್ತದೆ ಅಂತ ಅಂಗಡಿಯ ಬೆಂಚಿನಲ್ಲಿ ಕೂತವರು ಹೇಳುತ್ತಾರೆ. ಮಂಡಿನೋವಿನ ಮಾತಾಡಿದರೆ ಮಂಡಿನೋವಿನ ಎಣ್ಣೆಯ ಜಾಹೀರಾತು ಬಂತಂತೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಕದ್ದು ಕೇಳುವ ಕಷ್ಟ ಅದಕ್ಕೆ ಯಾಕೆ ಬೇಕು? ಯಾವ ಆಸ್ಪತ್ರೆಯ ಹತ್ತಿರ ಎಷ್ಟು ಹೊತ್ತು ನಿಂತಿರಿ, ಎಂತ ಹುಡುಕಿದಿರಿ, ಯಾವ ವಿಡಿಯೋದ ಮೇಲೆ ಬೆರಳು ನಿಂತಿತು, ಅಷ್ಟು ಸಾಕಲ್ವಾ? ಒಂದೇ ಬೆಂಚಿನಲ್ಲಿ ಕೂತ ಅಣ್ಣ ತಮ್ಮಂದಿರ ಫೋನಿನಲ್ಲಿ ಎರಡು ಬೇರೆ ಬೇರೆ ಊರುಗಳಿರುವುದನ್ನು ನಾನು ದಿನಾ ನೋಡುತ್ತೇನೆ. ಒಬ್ಬನಿಗೆ ಇಡೀ ದಿನ ಹೆದರಿಸುವ ಸುದ್ದಿ, ಇನ್ನೊಬ್ಬನಿಗೆ ಇಡೀ ದಿನ ಸಿಟ್ಟು ಬರಿಸುವ ಸುದ್ದಿ. ಸಂಜೆ ಇಬ್ಬರೂ ಅದನ್ನು "ನನ್ನ ಅಭಿಪ್ರಾಯ" ಅಂತ ಹೇಳುತ್ತಾರೆ.

ನಮ್ಮ ಕರಾವಳಿಯಲ್ಲಿ ಇದು ತಮಾಷೆ ಅಲ್ಲ. ಎಲ್ಲಾದರೂ ಎಂತದ್ದೋ ಆದ ದಿನ ಅರ್ಧ ನಿಮಿಷದ ಒಂದು ಆಡಿಯೋ ಸಾಕು, ಬಸ್ಸು ನಿಲ್ಲುತ್ತದೆ, ಶಟರ್ ಎಳೆಯುತ್ತಾರೆ. ಯಾರ ಧ್ವನಿ, ಯಾವ ವರ್ಷದ್ದು, ಯಾರಿಗೂ ಗೊತ್ತಿರುವುದಿಲ್ಲ. 2018ರಲ್ಲಿ ವಾಟ್ಸಾಪ್ ಭಾರತದಲ್ಲಿ ಒಮ್ಮೆಗೆ ಐದೇ ಕಡೆಗೆ ಫಾರ್ವರ್ಡ್ ಅಂತ ಮಿತಿ ಹಾಕಿತು. ಐದು ಗುಂಪು ಅಂದರೆ ನಮ್ಮ ಒಂದು ವಾರ್ಡ್ ಮುಗಿಯಿತು.

ಇದಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ಒಬ್ಬಳು ಕಾಲೇಜು ಹುಡುಗಿ. ಮಧ್ಯಾಹ್ನ ಅಂಗಡಿ ಖಾಲಿ ಇರುವ ಹೊತ್ತು ನೋಡಿ ಬಂದಳು. "ಅಕ್ಕಾ, ನಿಮ್ಮ ಕಂಪ್ಯೂಟರಿನಲ್ಲಿ ಹತ್ತು ನಿಮಿಷ ಒಂದು ವಿಷಯ ಓದಬಹುದಾ? ನನ್ನ ಫೋನಿನಲ್ಲಿ ಬೇಡ. ಅಣ್ಣ ನೋಡ್ತಾನೆ. ಆಮೇಲೆ ಅದರದ್ದೇ ವಿಡಿಯೋ ಬರ್ತಾ ಇರ್ತದೆ" ಅಂದಳು. ನಾನು ಕುರ್ಚಿ ಬಿಟ್ಟುಕೊಟ್ಟು ಹೊರಗೆ ನಿಂತೆ. ಓದಿದಳು, ಒಂದು ಸಣ್ಣ ಚೀಟಿಯಲ್ಲಿ ಏನೋ ಬರೆದುಕೊಂಡಳು. "ಹಿಸ್ಟರಿ ಅಳಿಸಿ ಅಕ್ಕಾ" ಅಂದಳು. ಅವಳ ಎದುರೇ ಅಳಿಸಿದೆ. ಎಂತ ಓದಿದಳು ಅಂತ ಇಲ್ಲಿ ಬರೆಯುವುದಿಲ್ಲ. ಅದು ಅವಳ ಲೆಕ್ಕ. ನಾನು ಆಮೇಲೆ ಯೋಚಿಸಿದ್ದು ಬೇರೆ: ಅಂಗಡಿಯವರೆಗೆ ಬಾರದೆ, ಯಾರಾದರೂ ನೋಡುತ್ತಾರೆ ಅಂತ ಓದುವುದನ್ನೇ ಬಿಟ್ಟ ಹುಡುಗಿಯರು ಎಷ್ಟು ಜನ ಇರಬಹುದು?

ಹಾಗಾಗಿ ಜಿಲ್ಲಾಡಳಿತದವರ ಹತ್ತಿರ ಕೆಲವು ಸಣ್ಣ ಕೋರಿಕೆ. ದೊಡ್ಡ ಕಾನೂನು ದೆಹಲಿಯವರು ಮಾಡಲಿ. ಮಣಿಪಾಲದ ರಜತಾದ್ರಿಯ ನಿಮ್ಮ ಕಚೇರಿಯಲ್ಲಿ ಕೂತು ಮಾಡಬಹುದಾದದ್ದೂ ಬೇಕಾದಷ್ಟು ಉಂಟು. ಆಧಾರ್ ತೋರಿಸಿದರೆ ಸಾಕಾಗುವ ಕಡೆ ಝೆರಾಕ್ಸ್ ತೆಗೆದುಕೊಳ್ಳಬೇಡಿ ಅಂತ ಎಲ್ಲ ಕಚೇರಿಗೆ ಹೇಳಿ. ಝೆರಾಕ್ಸ್ ಬೇಕೇ ಬೇಕಾದರೆ ಮಾಸ್ಕ್ ಆದದ್ದನ್ನು ಮೊದಲು ಕೇಳಲಿ. ನನಗೆ ಎರಡು ರೂಪಾಯಿ ಕಡಿಮೆ ಆಗುತ್ತದೆ, ಆಗಲಿ. ಹಳೆಯ ಅರ್ಜಿಗಳು ಕಟ್ಟುಕಟ್ಟಾಗಿ ಗುಜರಿಗೆ ಹೋಗುವ ಮೊದಲು ಚೂರಾಗಬೇಕು. ನಗರಸಭೆಯವರು ನಮಗೆ ಪ್ರತಿ ವರ್ಷ ಉದ್ದಿಮೆ ಪರವಾನಗಿ ನವೀಕರಿಸುತ್ತಾರೆ. ಕಸಕ್ಕೆ ಷರತ್ತು ಹಾಕಿದ ಹಾಗೆ, ಝೆರಾಕ್ಸ್ ಮತ್ತು ಸೈಬರ್ ಅಂಗಡಿಗಳಿಗೆ "ದಿನದ ಫೈಲ್ ದಿನವೇ ಅಳಿಸಬೇಕು" ಅಂತಲೂ ಒಂದು ಸಾಲು ಸೇರಿಸಲಿ. ನಮಗೆ ಅರ್ಧ ದಿನದ ತರಬೇತಿ ಕೊಡಿ, ನಾವು ಬರುತ್ತೇವೆ. ಮತ್ತು ಪ್ರತಿ ಕೌಂಟರಿನಲ್ಲಿ ಈ ಮಾಹಿತಿ ಯಾಕೆ ಬೇಕು ಅಂತ ಕನ್ನಡದಲ್ಲಿ ಒಂದು ಬೋರ್ಡ್ ಇರಲಿ. ಓದಲು ಬಾರದವರು "ದಾಯೆಗ್?" ಅಂದರೆ ತುಳುವಿನಲ್ಲಿ ಉತ್ತರ ಹೇಳುವವರು ಒಬ್ಬರಿರಲಿ. ತುಳು ಎಂಟನೇ ಪರಿಚ್ಛೇದಕ್ಕೆ ಸೇರುವವರೆಗೆ ಕಾಯುವ ಅಗತ್ಯ ಇದಕ್ಕೆ ಇಲ್ಲ.

ಊರವರಿಗೆ ಒಂದೇ ಮಾತು. ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವಾಗ ಮೊಬೈಲ್ ನಂಬರ್ ಕೇಳಿದರೆ ಕೊಡಲೇಬೇಕು ಅಂತ ಇಲ್ಲ. ಹಾಗೆ ಒತ್ತಾಯ ಮಾಡಬೇಡಿ ಅಂತ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಹೇಳಿದೆ. ಹುಡುಗ ಮುಖ ಸಣ್ಣದು ಮಾಡುತ್ತಾನೆ, ಅಷ್ಟೇ.

ನನ್ನ ಅಂಗಡಿಯಲ್ಲಿ ಈಗ ಕಾಗದ ಚೂರು ಮಾಡುವ ಒಂದು ಸಣ್ಣ ಮಿಷನ್ ಉಂಟು. ಸಂಜೆ ದೀಪ ಹಚ್ಚಿದ ಮೇಲೆ ಡೌನ್‌ಲೋಡ್ ಫೋಲ್ಡರ್ ಖಾಲಿ ಮಾಡುತ್ತೇನೆ, ವಾಟ್ಸಾಪಿಗೆ ಬಂದದ್ದನ್ನೂ ಅಳಿಸುತ್ತೇನೆ. ಮರುದಿನ ಬಂದು "ನಿನ್ನೆಯದ್ದೇ ಇನ್ನೊಂದು ಪ್ರಿಂಟ್ ಕೊಡಿ" ಅನ್ನುವವರು ಸಿಟ್ಟಾಗುತ್ತಾರೆ. ಒಬ್ಬರು ಬೇರೆ ಅಂಗಡಿಗೆ ಹೋದರು.

ಆದರೆ ಹದಿನಾಲ್ಕು ವರ್ಷದಲ್ಲಿ ನನ್ನ ಪೆಟ್ಟಿಗೆಯಿಂದ ಹೋದ ಕಾಗದಗಳು ಎಲ್ಲಿವೆ ಅಂತ ನನಗೆ ಗೊತ್ತಿಲ್ಲ. ಡ್ರಮ್ ಬದಲಿಸಿ, ಗೆರೆ ಹೋಗುತ್ತದೆ ಅಂತ ಮೆಕ್ಯಾನಿಕ್ ಹೇಳಿದ. ಸದ್ಯಕ್ಕೆ ಬೇಡ ಅಂದಿದ್ದೇನೆ. ಕಡಲೆಯ ಪೊಟ್ಟಣದಲ್ಲೋ, ಮೀನಿನ ಅಂಗಡಿಯಲ್ಲೋ, ಎಲ್ಲಿಯಾದರೂ ಎಡ ಅಂಚಿನಲ್ಲಿ ಸಪೂರದ ಕಪ್ಪು ಗೆರೆ ಇರುವ ಕಾಗದ ಸಿಕ್ಕಿದರೆ, ಓದಬೇಡಿ. ಮಡಚಿ ನನಗೆ ತಂದು ಕೊಡಿ.

ಇತಿ,
ಉಡುಪಿಯ ಝೆರಾಕ್ಸ್ ಅಕ್ಕ